ಮೈದಾನದ ಫ್ಲಡ್‌ಲೈಟ್ ಮನೆಯೊಳಗೆ ಬರುತ್ತಿದೆಯಾ? ಹಳ್ಳಿಯಲ್ಲಿ ಇದನ್ನು ಸರಿ ಮಾಡಿಸುವ ದಾರಿ

ನಮ್ಮ ಮನೆ ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಬಾಳ್ಳುಪೇಟೆಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಹಳ್ಳಿಯಲ್ಲಿದೆ. ಮನೆ ಎದುರು ರಸ್ತೆ, ರಸ್ತೆ ದಾಟಿದರೆ ಆಟದ ಮೈದಾನ. ಎರಡು ವರ್ಷದ ಹಿಂದೆ ಊರಿನ ಹುಡುಗರು ಚಂದಾ ಎತ್ತಿ ಅಲ್ಲಿ ನಾಲ್ಕು ಕಂಬ ನೆಟ್ಟು ಎಲ್‌ಇಡಿ ಫೋಕಸ್ ಲೈಟ್ ಹಾಕಿಸಿದರು. ಮೊದಲ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ನಾನೂ ಕುರ್ಚಿ ಹಾಕಿಕೊಂಡು ಕೂತಿದ್ದೆ, ಚಪ್ಪಾಳೆ ಹೊಡೆದಿದ್ದೆ. ಪಂದ್ಯಾವಳಿ ಮುಗಿಯಿತು, ಲೈಟ್ ಉಳಿಯಿತು. ದಿನಾ ರಾತ್ರಿ 11.30ರ ತನಕ. ಅಮ್ಮನಿಗೆ 9 ಗಂಟೆಗೆ ಮಲಗಿ ಅಭ್ಯಾಸ. ಅವರ ಮಂಚದ ಮೇಲೆ ಕಿಟಕಿ ಸರಳುಗಳ ನೆರಳು ಸಾಲಾಗಿ ಬೀಳುತ್ತಿತ್ತು. ಏಪ್ರಿಲ್ ಸೆಕೆಯಲ್ಲಿ ಅವರು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿದ್ದು ನೋಡಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ.

ಸರಿಯಾಗುವ ಹೊತ್ತಿಗೆ ಏಳೆಂಟು ತಿಂಗಳು ಹೋಯಿತು. ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ಮೊದಲೇ ಗೊತ್ತಿದ್ದರೆ ಎರಡು ವಾರದ ಕೆಲಸ. ಆಟವೂ ನಡೆಯಬೇಕು, ಮನೆಯವರೂ ಮಲಗಬೇಕು. ಎರಡೂ ಆಗುತ್ತದೆ. ಲೈಟನ್ನು ಕೆಳಗೆ ಬಗ್ಗಿಸಬೇಕು, ಆರಿಸುವ ಸಮಯವನ್ನು ಕಾಗದದ ಮೇಲೆ ಬರೆಸಬೇಕು. ಈ ಎರಡು ಕೆಲಸ ಹೇಗೆ ಮಾಡಿಸುವುದು ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಯಾವ ಲೈಟ್ ತೊಂದರೆ ಕೊಡುತ್ತಿದೆ ನೋಡಿ

"ಲೈಟ್ ಜಾಸ್ತಿ ಆಯ್ತು" ಅಂತ ಹೇಳಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಯಾವ ಕಂಬ, ಯಾವ ಲೈಟ್, ಎಷ್ಟು ಗಂಟೆಗೆ, ಯಾವ ಕಿಟಕಿಗೆ ಅಂತ ಹೇಳಿದರೆ ಮಾಡುತ್ತಾರೆ. ಚಂದ್ರ ಇಲ್ಲದ ರಾತ್ರಿ, ಅಮಾವಾಸ್ಯೆ ಆಸುಪಾಸಿನಲ್ಲಿ, ಮನೆಯ ಎಲ್ಲ ಲೈಟ್ ಆರಿಸಿ ಕಿಟಕಿ ಹತ್ತಿರ ನಿಲ್ಲಿ. ಎದುರು ಗೋಡೆಯ ಮೇಲೆ ಸರಳಿನ ನೆರಳು ಸ್ಪಷ್ಟವಾಗಿ ಬೀಳುತ್ತಿದ್ದರೆ ಬೆಳಕು ಒಳಗೆ ಬರುತ್ತಿದೆ ಎಂದರ್ಥ. ಆಮೇಲೆ ಜಗಲಿಗೆ ಬಂದು ಮೈದಾನದ ಕಡೆ ನೋಡಿ. ಲೈಟಿನೊಳಗಿನ ಎಲ್‌ಇಡಿ ಚುಕ್ಕೆಗಳು ನೇರವಾಗಿ ಕಣ್ಣಿಗೆ ಬಿದ್ದರೆ ಆ ಲೈಟ್ ತೀರಾ ಮೇಲಕ್ಕೆ ನೋಡುತ್ತಿದೆ. ನೆಲ ಬೆಳಗಿದ್ದು ಕಾಣಬೇಕು, ಬಲ್ಬ್ ಕಾಣಬಾರದು. ನಮ್ಮಲ್ಲಿ ಎಂಟು ಲೈಟ್ ಇದ್ದವು, ಅಷ್ಟೂ ತೊಂದರೆ ಕೊಡುತ್ತಿದ್ದವು ಅಂದುಕೊಂಡಿದ್ದೆ. ನಿಂತು ನೋಡಿದಾಗ ಮೂರು ಮಾತ್ರ. ಮೂರೂ ಮೈದಾನದ ಆಚೆ ಬದಿಯ ಕಂಬದವು. ನಮ್ಮ ಕಡೆಯ ಕಂಬದ ಲೈಟ್ ಬೆನ್ನು ನಮಗೆ, ಮುಖ ಆಚೆಗೆ, ಅದರಿಂದ ಏನೂ ತೊಂದರೆ ಇರಲಿಲ್ಲ.

ಅಳತೆ ಬೇಕು ಅಂದರೆ ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವುದರ ಅಳತೆಯೇ ಲಕ್ಸ್. ಆಂಡ್ರಾಯ್ಡ್ ಫೋನಿನಲ್ಲಿ ಬೆಳಕು ಅಳೆಯುವ ಸೆನ್ಸರ್ ಮುಂದಿನ ಕ್ಯಾಮೆರಾ ಹತ್ತಿರ ಇರುತ್ತದೆ, ಹಾಗಾಗಿ ಪರದೆಯನ್ನು ಲೈಟಿನ ಕಡೆಗೆ ತಿರುಗಿಸಿ ಹಿಡಿಯಬೇಕು. ಇದು ಅಂದಾಜು ಲೆಕ್ಕ ಅಷ್ಟೇ, ಕಡಿಮೆ ಬೆಳಕಿನಲ್ಲಿ ಫೋನ್ ಅಷ್ಟು ಸರಿಯಾಗಿ ತೋರಿಸುವುದಿಲ್ಲ. ಹುಣ್ಣಿಮೆ ಬೆಳದಿಂಗಳು ನೆಲಕ್ಕೆ ಕೊಡುವುದು ಸುಮಾರು ಕಾಲು ಲಕ್ಸ್. ಹಳ್ಳಿ ಮಟ್ಟದ ವಾಲಿಬಾಲ್, ಫುಟ್‌ಬಾಲ್ ಆಡಲು ಅಂಕಣದಲ್ಲಿ 75 ಲಕ್ಸ್ ಇದ್ದರೆ ಸಾಕು, ಒಳ್ಳೆ ಪಂದ್ಯಕ್ಕೆ 200. ಇನ್ನು ಮನೆ ಕಿಟಕಿಗೆ ಎಷ್ಟು ಬೀಳಬಹುದು ಅನ್ನುವುದಕ್ಕೂ ಒಂದು ಅಳತೆ ಇದೆ. ಸಿಐಇ ಅಂತ ಒಂದು ಅಂತರರಾಷ್ಟ್ರೀಯ ಬೆಳಕಿನ ಆಯೋಗ ಇದೆ. ಅದರ 150ನೇ ಮಾರ್ಗದರ್ಶಿಯ 2017ರ ಆವೃತ್ತಿಯ ಪ್ರಕಾರ ಹಳ್ಳಿ ಕಡೆ ಮನೆಯ ಕಿಟಕಿಗೆ ಸಂಜೆ ಹೊತ್ತು 5 ಲಕ್ಸ್ ಮೀರಬಾರದು, ಊರು ಮಲಗುವ ಹೊತ್ತಾದ ಮೇಲೆ 1 ಲಕ್ಸ್ ಮೀರಬಾರದು. ಮಲಗುವ ಹೊತ್ತು ಯಾವುದು ಅಂತ ಆಯಾ ಜಾಗದವರೇ ನಿಶ್ಚಯಿಸಬೇಕು. ನಮ್ಮ ದೇಶದಲ್ಲಿ ಬೆಳಕಿನ ಮಾಲಿನ್ಯಕ್ಕೆ ಅಂತಲೇ ಬೇರೆ ಕಾನೂನು ಇಲ್ಲ, ಆದ್ದರಿಂದ ಪಂಚಾಯಿತಿಯಲ್ಲಿ ಮಾತಾಡುವಾಗ ಈ ಅಂಕಿ ಕೈಯಲ್ಲಿದ್ದರೆ ಅನುಕೂಲ. ನಮ್ಮ ಕಿಟಕಿಯಲ್ಲಿ ಫೋನ್ 14 ತೋರಿಸಿತ್ತು.

ಫೋಟೋ ತೆಗೆಯುವಾಗ ಒಂದು ಎಚ್ಚರ. ರಾತ್ರಿ ಫೋನ್ ತಾನಾಗಿಯೇ ಬೆಳಕು ಜಾಸ್ತಿ ಮಾಡಿಬಿಡುತ್ತದೆ, "ನೀನು ಎಡಿಟ್ ಮಾಡಿದ್ದೀಯ" ಅಂತ ಹೇಳುವವರು ಇರುತ್ತಾರೆ. ಅದರ ಬದಲು ಗೋಡೆ ಮೇಲಿನ ಸರಳಿನ ನೆರಳನ್ನು, ಪಕ್ಕದಲ್ಲಿ ಗೋಡೆ ಗಡಿಯಾರ ಕಾಣುವ ಹಾಗೆ ತೆಗೆಯಿರಿ. ಒಂದು ವಾರ ಪುಸ್ತಕದಲ್ಲಿ ತಾರೀಖು, ಎಷ್ಟು ಗಂಟೆಗೆ ಆರಿತು, ಆಟ ನಡೆಯುತ್ತಿತ್ತೋ ಇಲ್ಲವೋ ಬರೆದಿಡಿ. ಇದನ್ನು ಬರೆದಾಗಲೇ ನನಗೆ ಗೊತ್ತಾದದ್ದು, ಏಳು ದಿನದಲ್ಲಿ ಮೂರು ದಿನ ಮೈದಾನದಲ್ಲಿ ಒಬ್ಬರೂ ಇಲ್ಲದೆ ಲೈಟ್ ಉರಿಯುತ್ತಿತ್ತು.

ಲೈನ್ ಮನೆಯವರನ್ನು ಕೇಳಿ

ಇದನ್ನು ಬೇರೆಯಾಗಿ ಬರೆಯಲೇಬೇಕು. ನಮ್ಮ ಕಡೆ ಮೈದಾನಗಳು ಊರ ಅಂಚಿನಲ್ಲಿ, ತೋಟದ ಬೇಲಿ ಪಕ್ಕ ಇರುತ್ತವೆ. ಅಂಥ ಕಡೆ ಹತ್ತಿರ ಇರುವುದು ಹೆಚ್ಚಾಗಿ ತೋಟದ ಲೈನ್ ಮನೆಗಳು, ಅಂದರೆ ಕಾಫಿ ತೋಟದ ಕೆಲಸದವರ ಸಾಲು ಮನೆಗಳು. ರೊಬಸ್ಟಾ ಕಾಫಿ ಕೊಯ್ಲು ಜನವರಿಯಿಂದ ಮಾರ್ಚ್ ತನಕ, ಪಂದ್ಯಾವಳಿಗಳೂ ಅದೇ ಹೊತ್ತಿಗೆ. ಬೆಳಿಗ್ಗೆ ಬೇಗ ಎದ್ದು ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಇಡೀ ದಿನ ಹಣ್ಣು ಕೊಯ್ದು ಬಂದವರು ರಾತ್ರಿ 11.30ಕ್ಕೂ ಹಗಲಿನಂಥ ಬೆಳಕಿನಲ್ಲಿ ಮಲಗಬೇಕು. ಅವರು ದೂರು ಕೊಡುವುದಿಲ್ಲ. ಹೊರಗಿನಿಂದ ಕೆಲಸಕ್ಕೆ ಬಂದವರಿದ್ದರೆ ಪಂಚಾಯಿತಿ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ನಾನು ಹೋಗಿ ಕೇಳಿದಾಗ ಒಬ್ಬ ಅಕ್ಕ, "ನಮ್ಮ ಮಗು ಹಗಲು ಅಂತ ಎದ್ದು ಕೂರುತ್ತೆ ಸಾರ್" ಅಂದರು. ನನ್ನ ಮನೆಯ ಒಂದು ಕಿಟಕಿ ದೊಡ್ಡ ವಿಷಯ ಅಂದುಕೊಂಡಿದ್ದೆ. ಅಲ್ಲಿ ಆರು ಮನೆಗೆ ಕಿಟಕಿ ಬಾಗಿಲು ಸಂದಿಯಲ್ಲೆಲ್ಲ ಬೆಳಕು. ಅವರ ಮಾತನ್ನೂ ನಿಮ್ಮ ಅರ್ಜಿಯಲ್ಲಿ ಸೇರಿಸಿ, ಸಹಿ ಹಾಕಲು ಹೆದರಿದರೆ ಒತ್ತಾಯ ಮಾಡಬೇಡಿ, "ಪಕ್ಕದ ಲೈನ್ ಮನೆಗಳಿಗೂ ತೊಂದರೆ ಇದೆ, ಬಂದು ನೋಡಿ" ಅಂತ ಬರೆದರೆ ಸಾಕು.

ಹುಡುಗರ ಹತ್ತಿರ ಮಾತು

ನಾನು ಮಾಡಿದ ತಪ್ಪು ಇಲ್ಲೇ. ಹುಡುಗರನ್ನು ಕೇಳದೆ ಮೊದಲು ಫೋನ್ ಮಾಡಿದ್ದು ಲೈನ್‌ಮನ್‌ಗೆ, ಕನೆಕ್ಷನ್ ತೆಗೆಸಿ ಅಂತ. ಸುದ್ದಿ ಸಂಜೆಯೊಳಗೆ ಮೈದಾನಕ್ಕೆ ಮುಟ್ಟಿತು. ಆಮೇಲೆ ಮೂರು ತಿಂಗಳು ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ನೀವು ಹಾಗೆ ಮಾಡಬೇಡಿ. ಸಂಜೆ ಆಟ ಶುರುವಾಗುವ ಮುಂಚೆ ಹೋಗಿ. ದೂರು ಹೇಳುವ ಬದಲು ಮನೆಗೆ ಕರೆಯಿರಿ. "ಬನ್ರಪ್ಪಾ, ಒಂದು ನಿಮಿಷ ನಮ್ಮ ಅಮ್ಮನ ಕೋಣೆಯಲ್ಲಿ ನಿಂತು ನೋಡಿ" ಅಂತ ಕೊನೆಗೆ ಕರೆದೆ. ತಂಡದ ಕ್ಯಾಪ್ಟನ್ ಬಂದ, ಲೈಟ್ ಆರಿಸಿ ನಿಂತ, ಕಂಬಳಿ ನೋಡಿದ. "ಅಣ್ಣ, ನಮಗೆ ಗೊತ್ತೇ ಆಗ್ಲಿಲ್ಲ" ಅಂದ. ನಿಜಕ್ಕೂ ಗೊತ್ತಾಗುವುದಿಲ್ಲ, ಬೆಳಕಿನ ಒಳಗೆ ಆಡುವವರಿಗೆ ಹೊರಗೆ ಎಷ್ಟು ಹೋಗುತ್ತಿದೆ ಅಂತ ಕಾಣುವುದಿಲ್ಲ.

ಕರೆಂಟ್ ಲೆಕ್ಕವನ್ನೂ ಇಡಿ. 200 ವ್ಯಾಟಿನ ಎಂಟು ಲೈಟ್ ಎಂದರೆ 1600 ವ್ಯಾಟ್. ದಿನಾ ಒಂದೂವರೆ ಗಂಟೆ ಬೇಗ ಆರಿಸಿದರೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ಉಳಿತಾಯ. ಚಂದಾ ಹಣದಲ್ಲಿ ಬಿಲ್ ಕಟ್ಟುವ ಹುಡುಗರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಏಣಿ, ಸ್ಪ್ಯಾನರ್, ಒಂದು ಸಂಜೆ

ಬೆಳಕು ಮನೆಗೆ ಬರಲು ಮುಖ್ಯ ಕಾರಣ ಒಂದೇ. ಕಂಬ ಗಿಡ್ಡ, ಮೈದಾನ ದೊಡ್ಡದು. ದೂರಕ್ಕೆ ಬೆಳಕು ಮುಟ್ಟಲಿ ಅಂತ ಲೈಟನ್ನು ಮೇಲಕ್ಕೆ ಎತ್ತುತ್ತಾರೆ. ಅದು ಮೈದಾನ ದಾಟಿ ಮನೆ, ರಸ್ತೆ, ಆಕಾಶ ಎಲ್ಲ ಕಡೆ ಹೋಗುತ್ತದೆ. ನೆನಪಿಡಲು ಸುಲಭದ ಲೆಕ್ಕ: ಲೈಟ್ ಗುರಿ ಇಡುವ ಜಾಗ ಕಂಬದ ಬುಡದಿಂದ ಕಂಬದ ಎತ್ತರದ ಒಂದೂವರೆ ಪಟ್ಟು ದೂರದಲ್ಲಿದ್ದರೆ ಒಳ್ಳೆಯದು, ಎರಡು ಪಟ್ಟು ಮೀರಲೇಬಾರದು. 6 ಮೀಟರ್ ಅಂದರೆ ಸುಮಾರು 20 ಅಡಿ ಕಂಬವಾದರೆ 12 ಮೀಟರಿಗೆ ಮುಗಿಯಿತು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಕಬಡ್ಡಿ 13ಕ್ಕೆ 10. ಉದ್ದದ ಎರಡೂ ಬದಿಗೆ ಎರಡೆರಡು ಕಂಬ ಇದ್ದರೆ ಈ ಎತ್ತರದಲ್ಲೇ ಆರಾಮಾಗಿ ಆಗುತ್ತದೆ. ಆದರೆ ಟೆನಿಸ್ ಬಾಲ್ ಕ್ರಿಕೆಟ್‌ಗೆ ಇಡೀ ಮೈದಾನ ಬೆಳಗಿಸಬೇಕು ಅಂದರೆ 20 ಅಡಿ ಕಂಬದಲ್ಲಿ ಆಗದ ಮಾತು. ದಿನಾ ಆಡುವ ವಾಲಿಬಾಲಿಗೆ ಕಾಯಂ ಲೈಟ್, ವರ್ಷಕ್ಕೊಮ್ಮೆಯ ಕ್ರಿಕೆಟ್ ಪಂದ್ಯಾವಳಿಗೆ ಎತ್ತರದ ಬಾಡಿಗೆ ಕಂಬ. ನನ್ನ ಪ್ರಕಾರ ಹಳ್ಳಿಗೆ ಇದೇ ಸರಿ.

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಚಪ್ಪಟೆ ಫ್ಲಡ್‌ಲೈಟಿನ ಬೆಳಕು 120 ಡಿಗ್ರಿ ಹರಡುತ್ತದೆ. ಅದನ್ನು 45 ಡಿಗ್ರಿ ಓರೆ ಇಟ್ಟರೂ ಒಂದು ಭಾಗ ಬೆಳಕು ಅಡ್ಡಗೆರೆ ದಾಟಿ ಮೇಲಕ್ಕೇ ಹೋಗುತ್ತದೆ, ಲೆಕ್ಕ ಹಾಕಿ ನೋಡಿ. ಹೊಸದು ಕೊಳ್ಳುವುದಾದರೆ ಲೆನ್ಸ್ ಇರುವ 60 ಡಿಗ್ರಿಯದು ಕೇಳಿ. ಇನ್ನೂ ಒಳ್ಳೆಯದು ಅಂದರೆ ಅಸಿಮೆಟ್ರಿಕ್ ಅಂತ ಬರುತ್ತದೆ, ಅದರ ಗಾಜನ್ನು ನೆಲಕ್ಕೆ ಸಮನಾಗಿ ಇಟ್ಟರೂ ಬೆಳಕು ಮುಂದಕ್ಕೆ ಬೀಳುತ್ತದೆ. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಮೇಲೆ ಮತ್ತು ಮನೆ ಕಡೆಯ ಬದಿಗೆ ತಗಡಿನ ಮರೆ ಕಟ್ಟಿಸಿ. ಒಳಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯಿರಿ, ಇಲ್ಲದಿದ್ದರೆ ತಗಡೇ ಕನ್ನಡಿ ಆಗುತ್ತದೆ. ಲೈಟಿನ ಬೆನ್ನಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಇರುತ್ತದಲ್ಲ, ಅದು ಬಿಸಿ ಹೊರಹಾಕುವ ಜಾಗ, ಅದನ್ನು ಮಾತ್ರ ಮುಚ್ಚಬೇಡಿ.

ನಾವು ಮಾಡಿದ್ದು ಹೀಗೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಏಣಿ ಹತ್ತಿದರು. ಒಬ್ಬ ಹುಡುಗ ಅಂಕಣದಲ್ಲಿ, ಒಬ್ಬ ನಮ್ಮ ಕಿಟಕಿಯಲ್ಲಿ, ಒಬ್ಬ ಲೈನ್ ಮನೆ ಹತ್ತಿರ ಫೋನ್ ಹಿಡಿದು ನಿಂತರು. ಎಲೆಕ್ಟ್ರಿಷಿಯನ್ ಬೋಲ್ಟ್ ಸಡಿಲಿಸಿ ಸ್ವಲ್ಪ ಬಗ್ಗಿಸುವುದು, ಇಳಿಯುವುದು, ಲೈಟ್ ಹಾಕುವುದು, ಮೂರೂ ಕಡೆಯಿಂದ ಹೇಗಿದೆ ಅಂತ ಕೇಳುವುದು. ಆಚೆ ಬದಿಯ ಮೂರು ಲೈಟಿಗೆ ಎರಡು ಗಂಟೆ ಹಿಡಿಯಿತು. ಆಮೇಲೆ ತಗಡಿನ ಮರೆ. ಕಿಟಕಿಯಲ್ಲಿ 14 ಇದ್ದದ್ದು 3ಕ್ಕೆ ಬಂತು. ಆಡುವವರಿಗೂ ಚೆಂಡು ಮೇಲೆ ಹೋದಾಗ ಕಣ್ಣಿಗೆ ಹೊಡೆಯುತ್ತಿದ್ದದ್ದು ಕಡಿಮೆ ಆಯಿತು. ಇದನ್ನು ಅವರೇ ಹೇಳಿದರು, ನಾನು ಹೇಳಿಸಿದ್ದಲ್ಲ. ಎತ್ತರ ಹತ್ತುವ ಕೆಲಸ, ಕರೆಂಟ್ ಕೆಲಸ, ದಯವಿಟ್ಟು ನೀವೇ ಏಣಿ ಹತ್ತಬೇಡಿ. ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಸರಿಯಾಗಿದೆಯಾ ಅಂತ ಅವತ್ತೇ ನೋಡಿಸಿ, ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಗುಡುಗು ಸಿಡಿಲು ಶುರುವಾಗುತ್ತದೆ, ಒದ್ದೆ ನೆಲದಲ್ಲಿ ಮಕ್ಕಳು ಕಂಬ ಹಿಡಿದು ನಿಲ್ಲುತ್ತಾರೆ.

ಬಣ್ಣದ ಬಗ್ಗೆ. ಇದನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಕಡಿಮೆ ಆದಷ್ಟು ಬೆಳಕು ಹಳದಿ. ಹೆಚ್ಚಾಗಿ ಹಾಕುವುದು 6500 ಕೆಲ್ವಿನ್‌ನ ಅಚ್ಚ ಬಿಳಿ ಲೈಟ್. ಅದರಲ್ಲಿ ನೀಲಿ ಅಂಶ ಜಾಸ್ತಿ, ಹುಳು ಜಾಸ್ತಿ ಬರುತ್ತದೆ. 3000 ಕೆಲ್ವಿನ್‌ನ ವಾರ್ಮ್ ವೈಟ್ ಇದ್ದರೆ ವಾಲಿಬಾಲ್, ಕಬಡ್ಡಿ ಆಡಲು ಏನೂ ತೊಂದರೆ ಇಲ್ಲ. ಹುಡುಗರು ಒಪ್ಪದಿದ್ದರೆ 4000ಕ್ಕೆ ನಿಲ್ಲಿಸಿ.

ಕೊನೆಗೆ ಟೈಮರ್. ಹೇಳಿ ಆರಿಸುವುದು ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಯಾರೋ ಮರೆಯುತ್ತಾರೆ, ನೀವು ಹೋಗಿ ಕೇಳಬೇಕಾಗುತ್ತದೆ, ಮಾತು ಬೆಳೆಯುತ್ತದೆ. ಟೈಮರ್ ಸ್ವಿಚ್ ಹಾಕಿಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಎಲ್‌ಇಡಿ ಲೈಟ್ ಹೊತ್ತುವ ಕ್ಷಣದಲ್ಲಿ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ಸಣ್ಣ ಟೈಮರಿನ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತದೆ. ಅದಕ್ಕೆ ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟ್ ತಾಳುವ ಸ್ವಿಚ್, ಹಾಕಿಸಿ. ಪ್ರತಿ ಕಂಬಕ್ಕೆ ಬೇರೆ ಸ್ವಿಚ್ ಇರಲಿ, ಬರೀ ಪ್ರಾಕ್ಟೀಸ್ ದಿನ ಅರ್ಧ ಲೈಟ್ ಸಾಕಾಗುತ್ತದೆ. ದೊಡ್ಡ ಲೈಟ್ ಆರಿದ ಮೇಲೆ ಹುಡುಗರು ನೆಟ್ ಬಿಚ್ಚಿ ಹೊರಡಲು ಗೇಟ್ ಹತ್ತಿರ ಒಂದು ಸಣ್ಣ ಬಲ್ಬ್, 15 ನಿಮಿಷಕ್ಕೆ.

ಪಂಚಾಯಿತಿಯಲ್ಲಿ ಬರೆಸಿಕೊಳ್ಳಿ

ಹುಡುಗರು ಒಪ್ಪಿದರು, ಲೈಟ್ ಬಗ್ಗಿತು. ಆದರೆ ಮುಂದಿನ ವರ್ಷ ಬೇರೆ ಹುಡುಗರು, ಬೇರೆ ಕ್ಯಾಪ್ಟನ್. ಹಾಗಾಗಿ ಕಾಗದ ಬೇಕು. ಮೈದಾನ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ. ಸರ್ಕಾರಿ ಶಾಲೆಯದಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲಾ ಅಭಿವೃದ್ಧಿ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ). ತಾಲ್ಲೂಕು ಕ್ರೀಡಾಂಗಣವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಪಂಚಾಯಿತಿ ಜಾಗವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅಲ್ಲಿ ವಿಷಯ ತೆಗೆಯಿರಿ, ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಕೂತಿರಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಏನು ಬರೆಸಬೇಕು ಅನ್ನುವುದಕ್ಕೆ ಹೀಗೊಂದು ನಮೂನೆ: "ಆಟದ ಮೈದಾನದ ಲೈಟ್‌ಗಳನ್ನು ಪ್ರತಿದಿನ ರಾತ್ರಿ 9.30ಕ್ಕೆ ಟೈಮರ್ ಮೂಲಕ ಆರಿಸುವುದು. ಪಂದ್ಯಾವಳಿ ದಿನಗಳಲ್ಲಿ ರಾತ್ರಿ 11ರ ತನಕ, ವರ್ಷಕ್ಕೆ ಆರು ರಾತ್ರಿ ಮೀರದಂತೆ, ಒಂದು ವಾರ ಮುಂಚೆ ಸುತ್ತಲ ಮನೆಗಳಿಗೆ ತಿಳಿಸಿ. ಯಾವ ಲೈಟಿನ ಎಲ್‌ಇಡಿಯೂ ಸುತ್ತಲ ಮನೆಯ ಕಿಟಕಿಯಿಂದ ಮತ್ತು ರಸ್ತೆಯಿಂದ ನೇರವಾಗಿ ಕಾಣಬಾರದು. ಹೊಸ ಲೈಟ್ 4000 ಕೆಲ್ವಿನ್ ಮೀರಬಾರದು. ಟೈಮರ್ ಪೆಟ್ಟಿಗೆಯ ಕೀ ಯುವಕ ಸಂಘದ ಒಬ್ಬರ ಹತ್ತಿರ ಮತ್ತು ವಾರ್ಡ್ ಸದಸ್ಯರ ಹತ್ತಿರ ಇರಬೇಕು." ಸಮಯ, ದಿನ ನಿಮ್ಮ ಊರಿಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ. ಪಂದ್ಯಾವಳಿಗೆ ಜಾಗ ಬಿಟ್ಟುಕೊಡಿ, ಅದು ಊರ ಹಬ್ಬ. ಅದನ್ನೂ ಬಿಗಿ ಮಾಡಿದರೆ ಉಳಿದದ್ದೂ ನಡೆಯುವುದಿಲ್ಲ.

ಮೈಕ್ ಬೇರೆ ವಿಷಯ. ಅದಕ್ಕೆ 2000ದ ಶಬ್ದ ಮಾಲಿನ್ಯ ನಿಯಮ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕರೆಂಟನ್ನು ಬೀದಿ ಕಂಬದಿಂದ ಕೊಕ್ಕೆ ಹಾಕಿ ಎಳೆದಿದ್ದರೆ ಅದು ಜೀವಕ್ಕೇ ಅಪಾಯ. ವಿದ್ಯುತ್ ಕಂಪನಿಗಳು, ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ತಾತ್ಕಾಲಿಕ ಕನೆಕ್ಷನ್ ಕೊಡುತ್ತವೆ, ಹುಡುಗರಿಗೆ ಅದನ್ನು ಮಾಡಿಸಿಕೊಡಿ.

ಯಾರೂ ಕೇಳದಿದ್ದರೆ

ಮೊದಲು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಜೊತೆಗೆ ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ನಂಬರ್ ತೆಗೆದುಕೊಳ್ಳಿ. ಲೈಟಿಗೆ ಅನುಮತಿ ಕೊಟ್ಟ ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಇನ್ನೂ ಮುಂದೆ ಹೋಗಬೇಕಾದರೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು. ಹಾಸನ ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿ ಅವರ ಕಚೇರಿ ಇದೆ. ಸಾರ್ವಜನಿಕರಿಗೆ ಆಗುವ ಉಪದ್ರವ ತಡೆಯಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 152ನೇ ಕಲಂ. ಅಲ್ಲಿ ಬೆಳಕು ಅಂತ ಹೆಸರಿಸಿಲ್ಲ. ಆದರೆ ಜನರ ಆರೋಗ್ಯಕ್ಕೆ, ನೆಮ್ಮದಿಗೆ ತೊಂದರೆ ಕೊಡುವ ವ್ಯಾಪಾರವನ್ನು ನಿಯಂತ್ರಿಸಲು ಆದೇಶ ಮಾಡಬಹುದು ಅಂತ ಇದೆ. ಪಟ್ಟಣದ ಅಂಚಿನ ಹಳ್ಳಿಗಳಲ್ಲಿ ಈಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೃತಕ ಹುಲ್ಲಿನ ಟರ್ಫ್‌ಗಳು ಬರುತ್ತಿವೆಯಲ್ಲ, ಅಂಥ ಕಡೆ ಇದು ಉಪಯೋಗಕ್ಕೆ ಬರಬಹುದು. ಟರ್ಫ್‌ಗೆ ಪಂಚಾಯಿತಿ ಲೈಸೆನ್ಸ್ ಇದೆಯಾ, ಹೊಲವನ್ನು ಭೂ ಪರಿವರ್ತನೆ ಮಾಡಿಸಿದ್ದಾರಾ ಅಂತಲೂ ವಿಚಾರಿಸಿ. 152ಕ್ಕೆ ನಾಲ್ಕಾರು ಮನೆಯವರು ಒಟ್ಟಿಗೆ ಹೋಗಬೇಕು. ತೊಂದರೆ ನಿಮ್ಮ ಒಂದೇ ಮನೆಗಾದರೆ ದಾರಿ ಸಿವಿಲ್ ಕೋರ್ಟು. ಅದಕ್ಕೆ ವಕೀಲರನ್ನು ಕೇಳಿ. ಅಲ್ಲಿಯ ತನಕ ಹೋಗದೆ ಮುಗಿದರೆ ಎಲ್ಲರಿಗೂ ಒಳ್ಳೆಯದು.

"ಆನೆ ಬರುತ್ತೆ, ಲೈಟ್ ಬೇಕು" ಅಂದರೆ

ಆಲೂರು, ಸಕಲೇಶಪುರ, ಬೇಲೂರು ಕಡೆ ಈ ಮಾತು ಬಂದೇ ಬರುತ್ತದೆ. ಭಯ ನಿಜವಾದದ್ದು, ತಳ್ಳಿಹಾಕಬೇಡಿ. ಆದರೆ ಮೈದಾನದ ಲೈಟ್ ಕಣ್ಣಿಗೆ ಹೊಡೆಯುತ್ತಿದ್ದರೆ ಅದರ ಆಚೆಯ ಕತ್ತಲು ಇನ್ನೂ ಕಪ್ಪಾಗಿ ಕಾಣುತ್ತದೆ. ಪೂರ್ತಿ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬೇಲಿ ಪಕ್ಕ ಆನೆ ನಿಂತಿದ್ದರೂ ಆ ಬೆಳಕಿನಿಂದ ಹೊರಗೆ ನಡೆದು ಬಂದವರಿಗೆ ಕಾಣುವುದಿಲ್ಲ. ಬೈಕಿನಲ್ಲಿ ಬರುವವರಿಗೂ ಅಷ್ಟೇ. ದಾರಿಗೆ ಬೇಕಾದ್ದು ಕೆಳಗೆ ಬೀಳುವ ಸಣ್ಣ ಬೀದಿ ದೀಪ, ಅದನ್ನು ಪಂಚಾಯಿತಿಯಲ್ಲಿ ಬೇರೆಯಾಗಿ ಕೇಳಿ. ನಾವು ಗೇಟಿನಿಂದ ಲೈನ್ ಮನೆ ತನಕ ಎರಡು ಹಾಕಿಸಿದೆವು.

ಬೆಳೆಗೂ ಇದು ತಾಗುತ್ತದೆ. ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಕಟ್ಟುವುದನ್ನು ನೋಡಿರಬಹುದು. ಹೂ ತಡವಾಗಿ ಬರಲಿ ಅಂತ ಬೇಕೆಂದೇ ಹಾಗೆ ಮಾಡುತ್ತಾರೆ. ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡಕ್ಕೆ ರಾತ್ರಿ ಬೆಳಕು ಬಿದ್ದರೆ ಕಾಲ ತಪ್ಪುತ್ತದೆ. ಹಳೆಯ ಕೆಲವು ಭತ್ತದ ತಳಿಗಳಿಗೂ ಹಾಗೆಯೇ, ದೀಪದ ಕೆಳಗಿನ ಪೈರು ತೆನೆ ಬಿಡಲು ತಡ ಮಾಡುತ್ತದೆ. ಮೈದಾನದ ಪಕ್ಕ ಗದ್ದೆ ಇದ್ದವರು ಒಮ್ಮೆ ಹೋಗಿ ನೋಡಿ, ಅದೂ ನಿಮ್ಮ ಅರ್ಜಿಗೆ ಸೇರುತ್ತದೆ. ಮಳೆಗಾಲದ ಮುಂಚೆ ಮೇ ಕೊನೆ, ಜೂನ್ ಮೊದಲಿಗೆ ಮಿಂಚುಹುಳ ಬರುತ್ತವಲ್ಲ, ಅವು ಜೊತೆ ಹುಡುಕುವುದೇ ಬೆಳಕಿನಿಂದ. ದೊಡ್ಡ ಲೈಟ್ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಆ ಮೂರು ವಾರ ಲೈಟ್ ಬೇಡ ಅಂತ ಕೇಳಿದೆ. ಹೇಗಿದ್ದರೂ ಮಳೆ ಶುರುವಾಗುವ ಹೊತ್ತು, ಹುಡುಗರು ಒಪ್ಪಿದರು.

ಒಮ್ಮೆ ಸರಿ ಮಾಡಿಸಿದರೆ ಮುಗಿಯಿತು ಅಂತಲ್ಲ. ಮಳೆಗಾಲದ ಗಾಳಿಗೆ ಬೋಲ್ಟ್ ಸಡಿಲವಾಗಿ ಲೈಟ್ ತಿರುಗುತ್ತದೆ, ಕಂಬ ವಾಲುತ್ತದೆ, ಕರೆಂಟ್ ಹೋಗಿ ಬಂದು ಟೈಮರಿನ ಗಡಿಯಾರ ತಪ್ಪುತ್ತದೆ. ದೀಪಾವಳಿ ಕಳೆದು ಆಟ ಮತ್ತೆ ಶುರುವಾಗುವ ಮುಂಚೆ ಒಂದು ಸಂಜೆ ಏಣಿ ತರಿಸಿ. ಈ ಸಲ ನಮ್ಮಲ್ಲಿ ಒಂದು ಲೈಟ್ ತಿರುಗಿತ್ತು. ನಾನು ಹೇಳುವ ಮುಂಚೆ ಕ್ಯಾಪ್ಟನ್ನೇ ಬಂದು ಅಮ್ಮನ ಕೋಣೆಯ ಕಿಟಕಿಯಲ್ಲಿ ನಿಂತು ನೋಡಿಕೊಂಡು ಹೋದ.